ಕೇಸು ಮುಗಿಯುವ ತನಕ

ರಾಗಿ ಕೊಯ್ಲಿನ ನಡುವೆ ಕುಡುಗೋಲನ್ನು ಬದುವಿನಲ್ಲೇ ಬಿಟ್ಟು ದೇವೀರಮ್ಮ, ಮಕ್ಕಳ ಬಗೆಗಿನ ದೂರು ಕೇಳುವ ಸರ್ಕಾರಿ ಕಚೇರಿಗೆ ಬಂದಳು. ತಬ್ಬಲಿ ಮೊಮ್ಮಗಳು ಸರ್ಕಾರದ ಬಾಲಮಂದಿರದಲ್ಲಿದ್ದಳು. ಅವಳನ್ನು ತನಗೆ ಒಪ್ಪಿಸಿರೆಂದು ಅಜ್ಜಿ ಕೋರ್ಟಿಗೆ ಹೋಗಿ ಎರಡು ವರ್ಷ ಕಳೆದಿತ್ತು.

"ಕೂಸಿನ ಕಿವೀಲಿ ಕೀವು ಸೋರ್ತದೆ ಸ್ವಾಮಿ. ಅಲ್ಲಿ ಯಾರೂ ಡಾಕ್ಟ್ರಿಗೆ ತೋರಿಸ್ತಿಲ್ಲ."

"ಕೂಸಿನ ವಿಷಯ ಕೋರ್ಟಲ್ಲಿದೆಯಲ್ಲಜ್ಜಿ. ಕೇಸು ಮುಗಿಯೋ ತನಕ ನಾವು ದೂರು ಮುಟ್ಟೋ ಹಾಗಿಲ್ಲ," ಎಂದ ಗುಮಾಸ್ತ.

"ಮುಗಿದ ಮೇಲೆ ತಗೋತೀರಾ?"

"ಮಾರನೇ ದಿನವೇ. ಅಷ್ಟರಲ್ಲಿ ನಿಂಗೆ ಇನ್ನೂ ಎರಡು ಬೆಳೆ ಕೊಯ್ಲಿಗೆ ಬಂದಿರ್ತದೆ ಬಿಡು."

ಕೊಯ್ದ ರಾಗಿ ಹೊಲದಲ್ಲಿ ಇನ್ನೂ ಒಣಗಿರಲಿಲ್ಲ, ಅವಳು ಮತ್ತೆ ಬಂದು ಕೋರ್ಟಿನ ಕಾಗದ ಮುಂದಿಟ್ಟಳು.

"ಏನಜ್ಜಿ, ಮುಗಿದೇ ಹೋಯ್ತಾ! ಗೆದ್ಯಾ?"

"ನಾನೇ ಮುಗಿಸ್ದೆ ಸ್ವಾಮಿ. ಕೂಸು ನಂಗೆ ಬ್ಯಾಡ ಅಂತ ಬರ್ಕೊಟ್ಟು ಬಂದೆ. ಈಗ ಅದರ ಕಿವಿ ನೋಡ್ಸಿ."