ಟಕ್ ಎನ್ನದ ಗುಂಡು

ಹೆಂಡತಿಯ ಪಿಸ್ತೂಲಿನಿಂದ ಕಳಚಿದ ನಳಿಕೆಯೊಳಗೆ ವರ್ನನ್ ತಾನೇ ತಯಾರಿಸಿದ ಗುಂಡನ್ನು ಬಿಟ್ಟ. 'ಟಕ್' ಎಂದು ಕೂರಬೇಕಾದದ್ದು ಹನ್ನೊಂದನೆಯ ಸಲವೂ ನಳಿಕೆಯ ಬಾಯಲ್ಲೇ ಸಿಕ್ಕಿಕೊಂಡಿತು. ನಾಳೆ ಬಿಲ್ಲಿಂಗ್ಸ್ ಊರಿನ ಶೂಟಿಂಗ್ ಸ್ಪರ್ಧೆಯಲ್ಲಿ ಹೆಂಡತಿ ಡಾರ್ಲಾ ಹೊಡೆಯಬೇಕು. ಅದಕ್ಕೆಂದೇ ಅವನು ಆರು ಸಂಜೆ ಗ್ಯಾರೇಜಿನಲ್ಲಿ ಕೂತು ಮುನ್ನೂರು ಗುಂಡು ಮಾಡಿದ್ದ.

"ಅಂಗಡಿಯದ್ದು ತರ್ತೀನಿ ಅಂದ್ರೆ ಮನೆಗೇ ಅವಮಾನ ಅಂದ್ಯಲ್ಲ," ಎಂದಳು ಡಾರ್ಲಾ.

"ನಿನ್ನ ಪಿಸ್ತೂಲಿನದೇ ತಪ್ಪು! ನನ್ನದರಲ್ಲಿ ಹಾಕಿ ನೋಡಿದೀನಿ, ಒಂದೊಂದೂ ಬೆಣ್ಣೆ ಹಾಗೆ ಇಳೀತು."

"ನಿನ್ನದರಲ್ಲಿ ನೋಡಿದ್ಯಾ? ನಾಳೆ ಹೊಡೆಯೋಳು ನಾನಲ್ವಾ, ಮಹಾರಾಯ?"

ವರ್ನನ್ ಹನ್ನೊಂದನ್ನೂ ಡಬ್ಬಿಗೆ ಎಸೆದ. ಆಮೇಲೆ, ಇಪ್ಪತ್ತು ವರ್ಷ ಯಾರಿಗೂ ಮುಟ್ಟಗೊಡದ ತನ್ನ ಪಿಸ್ತೂಲನ್ನು ಮೇಜಿನ ಮೇಲೆ ಮೆಲ್ಲಗೆ ಅವಳತ್ತ ಸರಿಸಿದ.

ಡಾರ್ಲಾ ಅದನ್ನೂ ಅವನನ್ನೂ ನೋಡಿದಳು. "ತಪ್ಪಾಯ್ತು ಅನ್ನೋದು ಇದಕ್ಕಿಂತ ಸುಲಭ ಇತ್ತು ಕಣೋ."