ಕೊನೆಗೆ ಕದ ತೆಗೆದಳೇ?

“ಮುಟ್ಟಬ್ಯಾಡ್ರಿ ನನ್ನ!” ನೀಲಗಂಗಾ ಟೊಪ್ಪಿಗೆ ಕಿತ್ತು ಮೇಜಿನ ಮೇಲೆ ಎಸೆದಳು.

“ಒಂದು ತಾಸು ತಡಕೊಳ್ಳಾಕ ಆಗೂದಿಲ್ಲ, ಮಂದಿ ನೋವು ಏನ್ ವಾಸಿ ಮಾಡ್ತೀಯವ್ವ?” ನಾನೂ ಕೂಗಿದೆ.

ಮನೆಯವರಿಂದಲೇ ನೊಂದವರು ದಾನ ಕೊಟ್ಟ ನೆನಪುಗಳನ್ನು ಈ ಟೊಪ್ಪಿಗೆ ತೊಟ್ಟು, ತಾವೇ ಅವರಾಗಿ ಅನುಭವಿಸಿ, ನೀಲಗಂಗಾಳಂಥ ನಮ್ಮ ವಿದ್ಯಾರ್ಥಿಗಳು ಆಪ್ತಸಮಾಲೋಚನೆ ಕಲಿಯುತ್ತಾರೆ. ಕೊಟ್ಟವರ ಹೆಸರು ಪಾಠ ಹೇಳುವ ನನಗೂ ತಿಳಿಯದು.

“ಏನ್ ಕಂಡಿ, ಹೇಳು.”

“ನನಗ ಏಳು ವರ್ಷ. ಹಾಲು ಚೆಲ್ಲೀನಿ. ಅವ್ವ ಹೊರಗ ನೂಕಿ ಅಗಳಿ ಹಾಕ್ಯಾಳ. ಕದಾ ಬಡದು ಬಡದು ಕೈ ಬಾತಾವ.” ಅವಳು ನನ್ನನ್ನೇ ನೋಡಿದಳು. “ಆ ಅವ್ವನ ಎಡಗೈಗೆ ಕಿರುಬೆರಳಿಲ್ಲ, ಅಕ್ಕೋರ.”

ನನ್ನ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮಗಳು ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಯಾಕೆಂದು ಊರೆಲ್ಲ ಕೇಳಿಕೊಂಡು ತಿರುಗಿದ್ದೆ. ಆ ಹಾಲು, ಆ ಅಗಳಿ ನನಗೆ ನೆನಪೇ ಇಲ್ಲ.

“ಕೊನಿಗೆ ನಾ ಕದಾ ತಗದ್ನೇನ?” ಎಂದು ಕೇಳಿದೆ.

“ಗೊತ್ತಿಲ್ರಿ. ಅಷ್ಟರಾಗ ಟೊಪ್ಪಿಗಿ ಕಿತ್ತೀನಿ. ನೀವ ಹಾಕ್ಕೊಂಡು ನೋಡ್ರಿ. ಒಂದ ತಾಸು ತಡಕೊಳ್ರಿ.”

ಚಪ್ಪಲಿ ಮೆಟ್ಟಿಕೊಂಡು ಹೋದವಳು ಮತ್ತೆ ಬರಲಿಲ್ಲ. ಟೊಪ್ಪಿಗೆ ಇನ್ನೂ ಅವಳು ಎಸೆದಲ್ಲೇ ಇದೆ.