ಕೇಕಿನ ಮೇಲಿನ ಹೆಸರು

ಮಗಳು ಚಾಕು ಎತ್ತಿಕೊಂಡದ್ದು ಕೇಕ್ ಕತ್ತರಿಸಲು ಅಲ್ಲ. ಅವಳಿಗೆ ಎಂ.ಎಸ್ಸಿ. ಸೀಟು ಕೊಟ್ಟ ದೊಡ್ಡ ಕಾಲೇಜಿನ ಹೆಸರನ್ನು ಅಪ್ಪ ಆಗಷ್ಟೇ ಕೆಂಪು ಕ್ರೀಮಿನಲ್ಲಿ ಬರೆದು ಮುಗಿಸಿದ್ದ. ಜಾಗ ಸಾಲದೆ ಕೊನೆಯ ಅಕ್ಷರಗಳು ಅಂಚಿನಿಂದ ಕೆಳಗಿಳಿದಿದ್ದವು. ಅವಳು ಆ ಹೆಸರನ್ನು ಪೂರ್ತಿ ಕೆರೆದು ಬಾಯಿಗೆ ಹಾಕಿಕೊಂಡಳು.

"ತಲೆ ಕೆಟ್ಟಿದೆಯೇನೇ? ಅತ್ತೆ, ಮಾವ ಎಲ್ಲ ಹೊರಗೆ ಕೂತಿದ್ದಾರೆ!"

"ಕೂತಿರ್ಲಿ ಬಿಡಪ್ಪ. ಅಲ್ಲಿ ಫೀಸು ಕಟ್ಟೋಕೆ ನೀನು ಓವನ್ ಮಾರ್ತೀಯ. ಆಮೇಲೆ ಬೇಕರೀಲಿ ಏನು ಬೇಯಿಸ್ತೀಯ, ನನ್ನ ಸರ್ಟಿಫಿಕೇಟಾ? ನಮ್ಮೂರ ಕಾಲೇಜಲ್ಲಿ ಫೀಸೇ ಇಲ್ಲ, ಲ್ಯಾಬಲ್ಲಿ ಕೆಲಸಾನೂ ಕೊಡ್ತಾರೆ. ಸೇರ್ತೀನಿ ಅಂತ ಬೆಳಿಗ್ಗೆ ಹೇಳಿಬಂದೆ."

"ಅದರ ಹೆಸರು ಯಾರಿಗೆ ಗೊತ್ತೇ?"

"ನಾನು ಓದಿದ ಮೇಲೆ ಗೊತ್ತಾಗತ್ತೆ."

"ಕೇಕ್ ಎಲ್ಲೋ? ಹೊಟ್ಟೆ ತಾಳ ಹಾಕ್ತಿದೆ!" ಹೊರಗಿನಿಂದ ಅತ್ತೆ ಕೂಗಿದಳು.

ಅಪ್ಪ ಕೆರೆದ ಜಾಗ ನೋಡಿದ, ಕ್ರೀಮ್ ಮೆತ್ತಿ ಕೆಂಪಾದ ಮಗಳ ಮೂಗಿನ ತುದಿ ನೋಡಿದ. ಬೈಯಲು ತೆರೆದ ಬಾಯಲ್ಲಿ ನಗು ಬಂತು. ಕೊಳ್ಳುವವನು ನಾಳೆ ಒಯ್ಯಲೆಂದು ಅಪ್ಪನೇ ಓವನ್ನನ್ನು ಒರೆಸಿ, ಪ್ಲಗ್ ಕಿತ್ತು ಇಟ್ಟಿದ್ದ. ಈಗ ಬಗ್ಗಿ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದ.

"ಸ್ವಲ್ಪ ತಡ್ಕೋ ಅಕ್ಕಾ," ಎಂದು ಕೂಗಿದ, "ಬೇರೆ ಕೇಕ್ ಇಡ್ತಿದೀನಿ!"